ಲಾಕೆಟ್ಟಿನ ಧಾಟಿ, ಆರ್ಗನ್ನಿನ ಗಂಟಲು: ಕಡಲ್ಗಳ್ಳರ ಎರಡನೇ ಚಿತ್ರದ ಹಿನ್ನೆಲೆ ಸಂಗೀತ

ಕಡಲ್ಗಳ್ಳರ ಸಿನಿಮಾದ ಸಂಗೀತ ಎಂದ ಕೂಡಲೇ ಇಲ್ಲಿ ಕೂತಿರುವ ಮುಕ್ಕಾಲು ಪಾಲು ಜನರ ತಲೆಯಲ್ಲಿ ಒಂದೇ ಧಾಟಿ ಓಡುತ್ತದೆ. ಪ ನಿ ಸಾ ಸಾ, ಸ ರಿ ಗಾ ಗಾ, ಗ ಮ ರೀ ರೀ, ಸ ನಿ ಸಾ. ‘ಹೀಸ್ ಎ ಪೈರೇಟ್’ ಎಂಬ ಹೆಸರಿನ ಟ್ಯೂನ್ ಅದು. ಪಾಶ್ಚಾತ್ಯರ ಡಿ ಸ್ವರವನ್ನು ಷಡ್ಜ ಎಂದಿಟ್ಟುಕೊಂಡು ಹಾಡಿ ನೋಡಿ, ನಿಮಗೆ ಸಿಗುವುದು ನಠಭೈರವಿಯ ಸ್ವರಗಳು. ಅವರ ಲೆಕ್ಕದಲ್ಲಿ ಡಿ ಮೈನರ್. ರಾಗ ಅಂತ ಹೇಳುತ್ತಿಲ್ಲ, ಗಮಕವೇ ಇಲ್ಲದ ಬರಿಯ ಸ್ವರಸ್ಥಾನಗಳ ಮಾತು ಇದು. ಆದರೂ ನಮ್ಮ ಕಿವಿಗೆ ಆ ಟ್ಯೂನ್ ಅಷ್ಟು ಬೇಗ ಹತ್ತಿದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಆದರೆ ಆ ಟ್ಯೂನ್ 2003ರ ಮೊದಲ ಚಿತ್ರದ್ದು. ನಾನು ಇವತ್ತು ಮಾತಾಡುವುದು 2006ರಲ್ಲಿ ಬಂದ ಎರಡನೇ ಚಿತ್ರ ‘ಪೈರೇಟ್ಸ್ ಆಫ್ ದ ಕೆರಿಬಿಯನ್: ಡೆಡ್ ಮ್ಯಾನ್ಸ್ ಚೆಸ್ಟ್’ ಬಗ್ಗೆ. ಕತ್ತಿವರಸೆಯ ಸಾಹಸ ಚಿತ್ರವೊಂದಕ್ಕೆ ಮುಂದಿನ ಭಾಗ ಬಂದಾಗ ಸಂಗೀತ ನಿರ್ದೇಶಕನ ಕೈಗೆ ಸಿಗುವುದು ಒಂದು ವಿಚಿತ್ರ ಆಸ್ತಿ. ಜನಕ್ಕೆ ಬಾಯಿಪಾಠವಾದ ಟ್ಯೂನ್ ಇದೆ. ಅದು ಬರದಿದ್ದರೆ ದುಡ್ಡು ಕೊಟ್ಟವರು ಬೈಯುತ್ತಾರೆ, ಪದೇ ಪದೇ ಬಂದರೆ ‘ಹಳೇದನ್ನೇ ಬಿಸಿ ಮಾಡಿ ಬಡಿಸಿದ’ ಎನ್ನುತ್ತಾರೆ. ಹಬ್ಬದ ಒಡವೆ ಇದ್ದ ಹಾಗೆ ಅದು, ದಿನಾ ಹಾಕಿಕೊಂಡರೆ ಒಡವೆ ಅನ್ನಿಸುವುದಿಲ್ಲ. ಈ ಎರಡನೇ ಚಿತ್ರದ ಸಂಗೀತದಲ್ಲಿ ನಾನು ಮೆಚ್ಚುವುದು ಆ ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ಕಾದ ಬುದ್ಧಿಯನ್ನು. ಚಿತ್ರದ ಹೊಸ ಭಾರವನ್ನೆಲ್ಲ ಹೊರುವುದು ನಾಯಕನ ಹಳೇ ಟ್ಯೂನ್ ಅಲ್ಲ, ಖಳನ ಹೊಸ ಟ್ಯೂನ್.

ಮೊದಲು ಸ್ವಲ್ಪ ಹಿನ್ನೆಲೆ. ಮೊದಲ ಚಿತ್ರದ ಸಂಗೀತಕ್ಕೆ ಶುರುವಿನಲ್ಲಿ ಗೊತ್ತುಮಾಡಿದ್ದು ಆ್ಯಲನ್ ಸಿಲ್ವೆಸ್ಟ್ರಿ ಅವರನ್ನು. ಅವರು ಹೊರಬಂದ ಮೇಲೆ ಕೆಲಸ ಹಾನ್ಸ್ ಝಿಮರ್ ಅವರ ಬಾಗಿಲಿಗೆ ಬಂತು. ಝಿಮರ್ ಆಗ ‘ದ ಲಾಸ್ಟ್ ಸಮುರಾಯ್’ ಒಪ್ಪಿಕೊಂಡಿದ್ದರು. ಹಾಗಾಗಿ ಮುಖ್ಯ ಟ್ಯೂನ್‌ಗಳನ್ನು ಬೇಗ ಬೇಗ ಹಾಕಿಕೊಟ್ಟರು, ಚಿತ್ರಕ್ಕೆ ಸಂಯೋಜಕರಾಗಿ ಹೆಸರು ಬಂದದ್ದು ಕ್ಲೌಸ್ ಬಾಡೆಲ್ಟ್ ಅವರಿಗೆ, ಒಂದು ದೊಡ್ಡ ತಂಡವೇ ಕೂತು ಕೆಲವೇ ವಾರಗಳಲ್ಲಿ ಕೆಲಸ ಮುಗಿಸಿತು. ಆ ಆತುರ ಕೇಳಿದರೆ ಗೊತ್ತಾಗುತ್ತದೆ: ಟ್ಯೂನ್‌ಗಳು ಗಟ್ಟಿ, ಆದರೆ ಯಾರು ಬಂದರೂ ಹೆಚ್ಚುಕಮ್ಮಿ ಒಂದೇ ಬಣ್ಣ. ಎರಡನೆಯದಕ್ಕೆ ಝಿಮರ್ ತಮ್ಮ ಹೆಸರಿನಲ್ಲೇ ಕೂತರು. ತಂಡ ಆಗಲೂ ಇತ್ತು. ಅದರಲ್ಲಿದ್ದ ಜೆಫ್ ಝನೆಲ್ಲಿ ಮುಂದೆ 2017ರ ಐದನೇ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಎರಡನೇ ಮತ್ತು ಮೂರನೇ ಚಿತ್ರಗಳನ್ನು ನಿರ್ದೇಶಕ ಗೋರ್ ವರ್ಬಿನ್ಸ್ಕಿ ಒಟ್ಟೊಟ್ಟಿಗೇ ಚಿತ್ರೀಕರಿಸಿದ್ದರಿಂದ ಇನ್ನೊಂದು ಅನುಕೂಲವೂ ಆಯಿತು. ಎರಡನೆಯದರಲ್ಲಿ ಬಿತ್ತಿದ್ದನ್ನು ಮೂರನೆಯದರಲ್ಲಿ ಕೊಯ್ಯಬಹುದಿತ್ತು. ಅದಕ್ಕೆ ಮತ್ತೆ ಬರುತ್ತೇನೆ.

ಇಲ್ಲಿ ಒಂದು ಸುತ್ತು ಹಾಕಿ ಬರೋಣ. ಕತ್ತಿವರಸೆ ಚಿತ್ರಕ್ಕೆ ದೊಡ್ಡ ಆರ್ಕೆಸ್ಟ್ರಾ ಎಂಬ ರೂಢಿ ಗಟ್ಟಿಯಾದದ್ದು ಎರಿಕ್ ವೋಲ್ಫ್‌ಗಾಂಗ್ ಕೋರ್ನ್‌ಗೋಲ್ಡ್ ಅವರಿಂದ. ವಿಯೆನ್ನಾದಲ್ಲಿ ಆಪೆರಾ ಬರೆದು ಹೆಸರು ಮಾಡಿದ್ದ ಮನುಷ್ಯ. 1935ರ ‘ಕ್ಯಾಪ್ಟನ್ ಬ್ಲಡ್’ ಸಂಗೀತಕ್ಕೆ ಅವರಿಗೆ ಸಿಕ್ಕಿದ್ದು ಸುಮಾರು ಮೂರು ವಾರ. ಸಮಯ ಸಾಲದೆ ಒಂದು ಕಡೆ ಲಿಸ್ಟ್ ಎಂಬ ಹಿರಿಯ ಸಂಯೋಜಕನ ಕೃತಿಯ ಭಾಗವನ್ನು ಬಳಸಿದರು, ಬಳಸಿದ್ದಕ್ಕೆ ‘ಸಂಗೀತ ಸಂಯೋಜನೆ’ ಅಂತ ಹಾಕಬೇಡಿ, ‘ಸಂಗೀತ ಜೋಡಣೆ’ ಅಂತ ಹಾಕಿ ಎಂದರು. ಇವತ್ತು ಅಷ್ಟು ಸಂಕೋಚಪಡುವವರು ಎಷ್ಟು ಜನ ಸಿಗುತ್ತಾರೋ! 1938ರ ‘ದ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಅವರಿಗೆ ಆಸ್ಕರ್ ತಂದಿತು, 1940ರಲ್ಲಿ ‘ದ ಸೀ ಹಾಕ್’ ಬಂತು. ಎತ್ತರದಲ್ಲಿ ಮೊಳಗುವ ಟ್ರಂಪೆಟ್, ಮೇಲಕ್ಕೆ ಜಿಗಿಯುವ ಹಾರ್ನ್, ಬಿಡದೆ ಓಡುವ ವಯೊಲಿನ್, ಇದು ಅವರ ಮಾದರಿ. ಝಿಮರ್ ಇದನ್ನು ತಲೆಕೆಳಗು ಮಾಡಿದರು. ಎತ್ತರದ ಹೊಳಪನ್ನು ಕಡಿಮೆ ಮಾಡಿ ತೂಕವನ್ನೆಲ್ಲ ಕೆಳಕ್ಕೆ ತಂದರು: ಚೆಲ್ಲೊ, ಡಬಲ್ ಬಾಸ್, ಹಾರ್ನ್, ಟ್ರೊಂಬೋನ್. ಹಳೇ ರುಚಿಯವರಿಗೆ ಇದು ಇವತ್ತಿಗೂ ಹಿಡಿಸಿಲ್ಲ. 1995ರ ‘ಕಟ್‌ಥ್ರೋಟ್ ಐಲ್ಯಾಂಡ್’ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಮುಳುಗಿತು, ಅದಕ್ಕೆ ಜಾನ್ ಡೆಬ್ನಿ ಕೊಟ್ಟ ಕೋರ್ನ್‌ಗೋಲ್ಡ್ ಶೈಲಿಯ ಸಂಗೀತವನ್ನು ಆ ಗುಂಪಿನವರು ಈಗಲೂ ಎತ್ತಿ ಹಿಡಿಯುತ್ತಾರೆ.

ಮುಂದಿನ ಭಾಗದಲ್ಲಿ ಖಳನಿಗೆ ಹೊಸ ಟ್ಯೂನ್ ಕೊಡುವ ವಿಷಯಕ್ಕೆ ದೊಡ್ಡ ಉದಾಹರಣೆ ‘ಸ್ಟಾರ್ ವಾರ್ಸ್’ ಸರಣಿಯ ಎರಡನೇ ಚಿತ್ರ ‘ದ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’. ಡಾರ್ತ್ ವೇಡರ್‌ನ ಹೆಜ್ಜೆ ಸಪ್ಪಳದಂಥ ಆ ಮಾರ್ಚ್ 1977ರ ಮೊದಲ ಚಿತ್ರದಲ್ಲಿ ಇರಲೇ ಇಲ್ಲ. 1980ರ ಏಪ್ರಿಲ್ 29ರಂದು, ಚಿತ್ರ ಬಿಡುಗಡೆಯಾಗುವ ಮೊದಲೇ, ಜಾನ್ ವಿಲಿಯಮ್ಸ್ ಬಾಸ್ಟನ್ನಿನ ಕಛೇರಿಯಲ್ಲಿ ಅದನ್ನು ನುಡಿಸಿಬಿಟ್ಟಿದ್ದರು. ಇವತ್ತು ಮೊದಲ ಚಿತ್ರ ನೋಡುವಾಗಲೂ ಜನ ಅದು ಬರುತ್ತದೆಂದು ಕಾಯುತ್ತಾರೆ. ಇದೇನು ನಮಗೆ ಹೊಸತಲ್ಲ ಬಿಡಿ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಚೆಂಡೆ ಹೇಳಿರುತ್ತದೆ, ಬರುತ್ತಿರುವವನು ಯಾವ ಜಾತಿಯ ಪ್ರಾಣಿ ಎಂದು. ಅಲ್ಲಿ ಚೆಂಡೆ ಒಂದು ಬಗೆಯ ವೇಷಕ್ಕೆ ಸೇರಿದ್ದು. ಇಲ್ಲಿ ಟ್ಯೂನ್ ಒಬ್ಬನೇ ವ್ಯಕ್ತಿಗೆ ಸೇರಿದ್ದು. ವ್ಯತ್ಯಾಸ ಅಷ್ಟೇ.

ಈಗ ಚಿತ್ರಕ್ಕೆ ಬರೋಣ. ಆಲ್ಬಂ ಶುರುವಾಗುವುದು ನಾಯಕನ ಹೆಸರೇ ಇರುವ ‘ಜ್ಯಾಕ್ ಸ್ಪ್ಯಾರೋ’ ಎಂಬ ಸುಮಾರು ಆರು ನಿಮಿಷದ ತುಣುಕಿನಿಂದ. ನೀವು ಈಗ ಕೇಳಿದಿರಿ. ನಾಯಕ ಬಂದ ಎಂದು ಸಾರುವ ಕಹಳೆ ಇಲ್ಲ. ಒಂಟಿ ಚೆಲ್ಲೊ, ತೂರಾಡಿಕೊಂಡು ಬರುತ್ತದೆ. ಕುಡಿದವನ ನಡಿಗೆಯನ್ನು ವಾದ್ಯದಲ್ಲಿ ತರುವುದು ಹೇಗೆ? ಸ್ವರದಿಂದ ಸ್ವರಕ್ಕೆ ಹೋಗುವಾಗ ಬೆರಳನ್ನು ಎತ್ತದೆ ಜಾರಿಸುವುದು ಒಂದು. ಘಾತ ಬೀಳಬೇಕಾದ ಜಾಗದಲ್ಲಿ ಮೌನ ಬಿಟ್ಟು, ಅರ್ಧ ಹೆಜ್ಜೆ ತಡವಾಗಿ ಬೀಳುವುದು ಇನ್ನೊಂದು. ಮೂರನೆಯದು ಬಿಲ್ಲಿನ ಒತ್ತಡ: ಸಣ್ಣ ಸ್ವರದ ಮೇಲೆ ಜಾಸ್ತಿ ಒತ್ತಿ ದೊಡ್ಡ ಸ್ವರವನ್ನು ಸುಮ್ಮನೆ ಬಿಟ್ಟುಬಿಡುವುದು. ಇಲ್ಲಿ ಕೆಡುವುದು ಎಲ್ಲಿ ಗೊತ್ತೇ? ಜೊತೆಯ ವಾದ್ಯಗಳೂ ತೂರಾಡಿದರೆ. ಆಗ ಅದು ಕುಡುಕನ ನಡಿಗೆ ಆಗುವುದಿಲ್ಲ, ತಾಲೀಮು ಇಲ್ಲದ ಆರ್ಕೆಸ್ಟ್ರಾ ಆಗುತ್ತದೆ. ಕೆಳಗೆ ಬೀಟ್ ಗೂಟ ಹೊಡೆದ ಹಾಗೆ ನಿಂತಿರಬೇಕು, ಮೇಲೆ ಒಬ್ಬನೇ ಓಲಾಡಬೇಕು.

ಅದೇ ತುಣುಕು ಮುಂದೆ ವೇಗ ಹಿಡಿದು ಇಡೀ ಆರ್ಕೆಸ್ಟ್ರಾಕ್ಕೆ ಹಬ್ಬುತ್ತದೆ. ಆ ವೇಗದ ಗುಟ್ಟು ನಡೆಯಲ್ಲಿದೆ. ಈ ಸರಣಿಯ ಹೊಡೆದಾಟದ ಸಂಗೀತ ಬಹುಪಾಲು ತಿಶ್ರ. ಆರು ಸಣ್ಣ ಘಾತಗಳ ಗುಂಪು ಇದೆ ಎಂದುಕೊಳ್ಳಿ. ಅದನ್ನು ‘ತಕಿಟ ತಕಿಟ’ ಎಂದು ಎರಡಾಗಿ ಒಡೆಯಬಹುದು, ‘ತಕ ತಕ ತಕ’ ಎಂದು ಮೂರಾಗಿಯೂ ಒಡೆಯಬಹುದು. ತೊಡೆಯ ಮೇಲೆ ಈಗಲೇ ತಟ್ಟಿ ನೋಡಿ: ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಅದೇ ಅವಧಿಗೆ ಮೂರು. ಚೆಲ್ಲೊಗಳು ತಕಿಟ ಹಿಡಿದುಕೊಂಡು ಓಡುವಾಗ ಹಾರ್ನ್‌ಗಳು ಒಂದು ಸಾಲಿನ ಕೊನೆಯಲ್ಲಿ ತಕ ತಕ ತಕ ಎಂದು ಒತ್ತಿದರೆ ಹಡಗು ಒಂದು ಕಡೆಗೆ ವಾಲಿದ ಹಾಗೆ ಕೇಳುತ್ತದೆ. ಕತ್ತಿವರಸೆಗೆ ಚೌಕಾಕಾರದ ನಾಲ್ಕರ ನಡೆ ಸೈನಿಕರ ಕವಾಯತು ಅನ್ನಿಸುತ್ತದೆ. ಮೂರರಲ್ಲಿ ಕಾಲು ಯಾವಾಗಲೂ ಅದಲುಬದಲಾಗುತ್ತದೆ: ಒಮ್ಮೆ ಬಲಗಾಲಿಗೆ ಒತ್ತು, ಮರುಸಲ ಎಡಗಾಲಿಗೆ. ಕುಣಿತಕ್ಕೂ ಕತ್ತಿವರಸೆಗೂ ಬೇಕಾದದ್ದು ಅದೇ.

ಡಿ ಮೈನರ್ ಯಾಕೆ ಎಂದು ಕೇಳುವವರಿಗೆ ಉತ್ತರ ಭಾವದಲ್ಲಿಲ್ಲ, ತಂತಿಯಲ್ಲಿದೆ. ವಯೊಲಿನ್‌ನ ತಂತಿಗಳು ಜಿ, ಡಿ, ಎ, ಇ. ವಿಯೋಲಾ ಮತ್ತು ಚೆಲ್ಲೊ ಸಿ, ಜಿ, ಡಿ, ಎ. ಡಬಲ್ ಬಾಸ್ ಇ, ಎ, ಡಿ, ಜಿ. ಡಿ ಮತ್ತು ಎ, ಅಂದರೆ ಈ ಶ್ರುತಿಯ ಷಡ್ಜ ಪಂಚಮ ಎರಡೂ, ನಾಲ್ಕು ವಾದ್ಯಗಳಲ್ಲೂ ಬಿಟ್ಟ ತಂತಿ. ಬೆರಳಿಡದೆ ಬಿಟ್ಟ ತಂತಿಯಲ್ಲಿ ಬಿಲ್ಲು ಪುಟಿಸಿದರೆ ಧ್ವನಿ ದೊಡ್ಡದು, ಒರಟು, ಅನುರಣನವೂ ಜಾಸ್ತಿ. ವೇಗವಾಗಿ ಪುಟಿಯುವ ಬಿಲ್ಲಿನ ಆ ‘ಡುಗುಡುಗು’ ಹಿಡಿದು ಕೂರುವ ಸಂಗೀತಕ್ಕೆ ಇದಕ್ಕಿಂತ ಆಯಾಸವಿಲ್ಲದ ಶ್ರುತಿ ಇಲ್ಲ. ಅದನ್ನೇ ಅರ್ಧ ಸ್ವರ ಮೇಲೇರಿಸಿ ಇ ಫ್ಲಾಟ್ ಮೈನರ್‌ಗೆ ಇಟ್ಟರೆ ಎಲ್ಲ ಸ್ವರಕ್ಕೂ ಬೆರಳು ಬೇಕು, ಮೊಳಗು ಅರ್ಧಕ್ಕೆ ಇಳಿಯುತ್ತದೆ, ಎರಡನೇ ಪುಟಕ್ಕೆ ಶ್ರುತಿ ಅಲುಗಾಡತೊಡಗುತ್ತದೆ. ಕಂಪ್ಯೂಟರ್‌ನಲ್ಲಿ ಕೂತು ಸಂಗೀತ ಬರೆಯುವ ಹುಡುಗರು ಇದನ್ನು ಮರೆಯುತ್ತಾರೆ. ಸ್ಯಾಂಪಲ್ ಲೈಬ್ರರಿಗೆ, ಅಂದರೆ ಮೊದಲೇ ದಾಖಲಿಸಿಟ್ಟ ಬಿಡಿ ಸ್ವರಗಳ ಸಂಗ್ರಹಕ್ಕೆ, ಎಲ್ಲ ಶ್ರುತಿಯೂ ಒಂದೇ.

ಈಗ ನಿಜವಾದ ವಿಷಯ, ಡೇವಿ ಜೋನ್ಸ್. ಬಿಲ್ ನೈ ಮಾಡಿದ ಪಾತ್ರ, ಮುಖದ ತುಂಬ ಆಕ್ಟೋಪಸ್ಸಿನ ಬಾಹುಗಳು. ಎದೆಯಿಂದ ಹೃದಯ ಕಿತ್ತು ಪೆಟ್ಟಿಗೆಯಲ್ಲಿಟ್ಟವನು. ಅವನ ಟ್ಯೂನ್ ಮೊದಲು ಬರುವುದು ಪುಟ್ಟ ಲಾಕೆಟ್ಟಿನೊಳಗಿನ ಮ್ಯೂಸಿಕ್ ಬಾಕ್ಸಿನಲ್ಲಿ, ಜೋಗುಳದಂತೆ ಮೂರರ ತೂಗಿನಲ್ಲಿ. ಅದೇ ಟ್ಯೂನ್ ಅವನು ಹಡಗಿನಲ್ಲಿ ಕೂತು ಗಡ್ಡದ ಬಾಹುಗಳಿಂದಲೇ ನುಡಿಸುವ ಪೈಪ್ ಆರ್ಗನ್ನಿನಲ್ಲಿ ಗುಡುಗಾಗಿ ಬರುತ್ತದೆ. ಸ್ವರ ಬದಲಾಗಿಲ್ಲ, ವಾದ್ಯ ಬದಲಾಗಿದೆ. ಪ್ರೀತಿ ಕಳೆದುಕೊಂಡವನ ಕಥೆಯನ್ನು ಚಿತ್ರ ಇನ್ನೂ ಪೂರ್ತಿಯಾಗಿ ಬಾಯಿ ಬಿಟ್ಟು ಹೇಳಿರುವುದಿಲ್ಲ. ಅಷ್ಟರಲ್ಲೇ ಸಂಗೀತ ಹೇಳಿ ಮುಗಿಸಿರುತ್ತದೆ. ಮಾಟಗಾತಿ ಟಿಯಾ ಡಾಲ್ಮಾಳ ಗುಡಿಸಿಲಿನ ಮೇಜಿನ ಮೇಲೂ ಅಂಥದೇ ಲಾಕೆಟ್ ಕಾಣುತ್ತದೆ. ಆ ಇಬ್ಬರ ಸಂಬಂಧ ಬಿಚ್ಚಿಕೊಳ್ಳುವುದು 2007ರ ಮೂರನೇ ಚಿತ್ರದಲ್ಲಿ. ಬಿತ್ತನೆ ಎಂದೆನಲ್ಲ, ಇದೇ ಅದು.

ಈ ಎರಡು ವಾದ್ಯಗಳನ್ನು ಎದುರುಬದುರು ಇಟ್ಟದ್ದರ ಜಾಣತನ ಒಂದು ಸಣ್ಣ ವಿವರದಲ್ಲಿದೆ. ಎರಡರಲ್ಲೂ ಸ್ವರವನ್ನು ಮುಟ್ಟುವ ಬೆರಳಿನ ಒತ್ತಡಕ್ಕೆ ಬೆಲೆಯಿಲ್ಲ. ಮ್ಯೂಸಿಕ್ ಬಾಕ್ಸಿನಲ್ಲಿ ಸುತ್ತುವ ಉರುಳೆಯ ಮೊಳೆ ಉಕ್ಕಿನ ಹಲ್ಲನ್ನು ಮೀಟುತ್ತದೆ. ಸಾಮಾನ್ಯ ಚಿಕ್ಕ ಯಂತ್ರಕ್ಕೆ 18 ಹಲ್ಲು. ಎಲ್ಲ ಸ್ವರಕ್ಕೂ ಒಂದೇ ಜೋರು, ಮೀಟಿದ ಕ್ಷಣದಿಂದಲೇ ಧ್ವನಿ ಸಾಯತೊಡಗುತ್ತದೆ. ಆರ್ಗನ್ನಿನಲ್ಲಿ ಮಣೆ ಒತ್ತಿದರೆ ಕೊಳವೆಯ ಬಾಯಿ ತೆರೆಯುತ್ತದೆ, ಮೆಲ್ಲಗೆ ಒತ್ತಲಿ, ಗುದ್ದಲಿ, ಅಷ್ಟೇ ಧ್ವನಿ, ಮತ್ತು ಬೆರಳು ಎತ್ತುವವರೆಗೆ ಅದು ಸಾಯುವುದೇ ಇಲ್ಲ. ಹೃದಯ ತೆಗೆದಿಟ್ಟವನಿಗೆ ಇದಕ್ಕಿಂತ ಒಪ್ಪುವ ವಾದ್ಯ ಬೇರೆ ಇಲ್ಲ ಎನ್ನುವುದು ನನ್ನ ಓದು. ನಮ್ಮ ಹಾರ್ಮೋನಿಯಂನಲ್ಲಾದರೂ ತಿದಿ ನಿಮ್ಮ ಕೈಯಲ್ಲೇ ಇರುತ್ತದೆ, ಉಸಿರು ನಿಮ್ಮದು. ಪೈಪ್ ಆರ್ಗನ್ನಿಗೆ ಉಸಿರು ಬೇರೆಲ್ಲಿಂದಲೋ ಬರುತ್ತದೆ.

ಆರ್ಗನ್ ಬರೆಯುವವರಿಗೆ ಕೆಲವು ಲೆಕ್ಕ ಗೊತ್ತಿರಬೇಕು. ಕೊಳವೆಗಳನ್ನು ಅಡಿಯಲ್ಲಿ ಅಳೆಯುತ್ತಾರೆ. 8 ಅಡಿಯ ಸಾಲಿನಲ್ಲಿ ಕೊನೆಯ ಸಿ ಸ್ವರ ಸುಮಾರು 65 ಹರ್ಟ್ಸ್, ಚೆಲ್ಲೊದ ಕೆಳಗಿನ ತಂತಿಯಷ್ಟೇ. 16 ಅಡಿಯದ್ದು ಸುಮಾರು 33. 32 ಅಡಿಯದ್ದು 16ರ ಆಸುಪಾಸು, ಅದು ಕಿವಿಗೆ ಕೇಳುವುದಕ್ಕಿಂತ ಕುರ್ಚಿಗೆ ತಿಳಿಯುವುದೇ ಹೆಚ್ಚು. ಹಾಳೆಯ ಮೇಲೆ ಬರೆದದ್ದು ಒಂದೇ ಸ್ವರ, ಯಾವ ಸಾಲಿನ ಹಿಡಿ ಎಳೆದು ತೆರೆದಿದ್ದಾರೆ ಎಂಬುದರ ಮೇಲೆ ಅದು ಎಲ್ಲಿ ಕೇಳುತ್ತದೆ ಎನ್ನುವುದು ನಿರ್ಧಾರ. ಇನ್ನು ತೊಂದರೆಗಳು. ಒಂದು, ಚರ್ಚಿನಂಥ ಜಾಗದಲ್ಲಿ ಅನುರಣನ ನಾಲ್ಕೈದು ಸೆಕೆಂಡು ಉಳಿಯುತ್ತದೆ. ವೇಗದ ಸ್ವರಗಳು ಒಂದರ ಮೇಲೊಂದು ಬಿದ್ದು ಮುದ್ದೆಯಾಗುತ್ತವೆ. ಎರಡು, ಗಾಳಿಯ ಉಷ್ಣತೆ ಏರಿದ ಹಾಗೆ ಕೊಳವೆಯ ಶ್ರುತಿಯೂ ಏರುತ್ತದೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 3 ಸೆಂಟ್. ಅರ್ಧ ಸ್ವರಕ್ಕೆ ನೂರು ಸೆಂಟ್ ಎಂದರೆ ಹತ್ತು ಡಿಗ್ರಿ ವ್ಯತ್ಯಾಸದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ತಂತಿಯನ್ನು ತಿರುಪಬಹುದು, ಆರ್ಗನ್ನನ್ನು ತಿರುಪುವುದು ಒಂದು ದಿನದ ಕೆಲಸವಲ್ಲ. ಅದಕ್ಕೇ ಸಿನಿಮಾ ಕೆಲಸದಲ್ಲಿ ಆರ್ಗನ್ನನ್ನು ಬೇರೆಯಾಗಿ ದಾಖಲಿಸಿಕೊಳ್ಳುವುದು ಅಥವಾ ಒಳ್ಳೆಯ ಸ್ಯಾಂಪಲ್ ಬಳಸಿ ಆಮೇಲೆ ಕೂಡಿಸುವುದು ರೂಢಿ. ಮ್ಯೂಸಿಕ್ ಬಾಕ್ಸಿಗೂ ಇದೇ ಗತಿ: ಸ್ಪ್ರಿಂಗ್ ಬಿಚ್ಚಿದ ಹಾಗೆ ಅದು ನಿಧಾನವಾಗುತ್ತದೆ, ಯಾವ ಕ್ಲಿಕ್ಕಿಗೂ, ಅಂದರೆ ವಾದ್ಯಗಾರರ ಕಿವಿಗೆ ಕೊಡುವ ತಾಳದ ಟಿಕ್ ಟಿಕ್‌ಗೂ, ಕಾಯುವುದಿಲ್ಲ. ನಿಜವಾದ ಬಾಕ್ಸಿಗಿಂತ ಸೆಲೆಸ್ಟಾ ಎಂಬ ಮಣೆಯ ವಾದ್ಯವೋ ಸ್ಯಾಂಪಲ್ಲೋ ಕೆಲಸಕ್ಕೆ ಬರುವುದು ಈ ಕಾರಣಕ್ಕೆ.

ಕ್ರಾಕನ್ ದೃಶ್ಯಗಳಿಗೆ ಬರೋಣ. ಹಡಗನ್ನೇ ಮುರಿದು ನುಂಗುವ ಕಡಲ ಪ್ರಾಣಿ. ಇಲ್ಲಿ ನಾನು ಗಮನಿಸಿ ಎನ್ನುವುದು ಮೊದಲ ನಿಮಿಷಗಳನ್ನು. ಹಡಗು ಏನಕ್ಕೋ ತಗುಲಿ ನಿಂತ ಹಾಗಾಗುತ್ತದೆ, ಬಂಡೆಗೆ ಬಡಿದೆವು ಎಂದುಕೊಳ್ಳುತ್ತಾರೆ. ದೊಡ್ಡ ಸದ್ದಿಗೆ ಮೊದಲು ಸಣ್ಣ ಸದ್ದು ಬೇಕು, ಇಲ್ಲದಿದ್ದರೆ ದೊಡ್ಡದು ದೊಡ್ಡದೆನ್ನಿಸುವುದಿಲ್ಲ. ಮುಂದೆ ಒಂದು ಭಾರದ ಬೀಟ್, ಅದರ ಮೇಲೆ ಪದರ ಪದರವಾಗಿ ತಂತಿ, ಹಿತ್ತಾಳೆ, ಆರ್ಗನ್, ಕರ್ಕಶಗೊಳಿಸಿದ ಎಲೆಕ್ಟ್ರಾನಿಕ್ ಧ್ವನಿ. ಟ್ಯೂನ್ ಎಂದು ಗುನುಗಲು ಹೆಚ್ಚೇನೂ ಇಲ್ಲ. ಪ್ರಾಣಿಗೆ ಟ್ಯೂನ್ ಕೊಟ್ಟರೆ ಅದಕ್ಕೆ ಮನಸ್ಸು ಕೊಟ್ಟ ಹಾಗೆ. ಇದಕ್ಕಿರುವುದು ಹಸಿವು.

ಪದರ ಹಾಕುವುದು ಸುಲಭದ ಕೆಲಸ ಅನ್ನಿಸುತ್ತದೆ. ಎಲ್ಲರೂ ಜಾರುವುದು ಇಲ್ಲೇ. ದೊಡ್ಡ ಡೋಲು, ಡಬಲ್ ಬಾಸ್, ಬಾಸ್ ಟ್ರೊಂಬೋನ್, ಟ್ಯೂಬಾ, ಆರ್ಗನ್ನಿನ ಕಾಲ್ಮಣೆ, ಎಲ್ಲವೂ 40ರಿಂದ 200 ಹರ್ಟ್ಸ್ ಒಳಗೇ ಗುದ್ದಾಡುತ್ತವೆ. ಐದು ವಾದ್ಯ ಸೇರಿದ್ದಕ್ಕೆ ಐದು ಪಟ್ಟು ಭಯ ಹುಟ್ಟುವುದಿಲ್ಲ, ಒಂದು ಗುಂಯ್ ಎನ್ನುವ ಕೆಸರು ಹುಟ್ಟುತ್ತದೆ. ಪರಿಹಾರ ಜೋರು ಮಾಡುವುದಲ್ಲ, ಸರದಿ ಕೊಡುವುದು. ಘಾತದ ಮೊದಲ ಕ್ಷಣ ಡೋಲಿಗೆ ಬಿಡಿ, ಬಾಲ ಬಾಸ್‌ಗೆ ಬಿಡಿ. ಟ್ರೊಂಬೋನ್ ಕೆಳಕ್ಕೆ ಇಳಿಯುವ ಸಾಲಿನಲ್ಲಿ ಆರ್ಗನ್ನಿನ 16 ಅಡಿಯನ್ನು ಮುಚ್ಚಿ 8 ಅಡಿ, 4 ಅಡಿ ಮಾತ್ರ ಉಳಿಸಿ. ಕೆಳಗಿನ ಎರಡು ವಾದ್ಯಗಳ ನಡುವೆ ತೃತೀಯದ (ಸ–ಗ) ಅಂತರ ಇಡಬೇಡಿ, ಪಂಚಮವೋ (ಸ–ಪ) ಅಷ್ಟಮವೋ (ಸ–ಮೇಲಿನ ಸ) ಇಡಿ. ತೃತೀಯ ಆ ಆಳದಲ್ಲಿ ಸ್ವರವಾಗಿ ಉಳಿಯುವುದಿಲ್ಲ, ಗೊರಕೆಯಾಗುತ್ತದೆ.

ಇನ್ನೊಂದು ಶತ್ರು ಪರದೆಯ ಒಳಗೇ ಇದೆ, ಚಿತ್ರದ್ದೇ ಸದ್ದುಗಳು. ಕತ್ತಿಗೆ ಕತ್ತಿ ತಗುಲಿದ ಖಣಖಣದ ಶಕ್ತಿ ಬಹುಪಾಲು ಎರಡು ಸಾವಿರ ಹರ್ಟ್ಸ್‌ನಿಂದ ಮೇಲೆ. ಮಾತಿನಲ್ಲಿ ಸ, ಶ, ತ, ಟ ಸ್ಪಷ್ಟವಾಗುವುದೂ ಅಲ್ಲೇ. ವಯೊಲಿನ್ನಿನ ಹೊಳಪು, ಸಿಂಬಲ್ಲಿನ ಜಲ್ ಕೂಡ ಅಲ್ಲೇ. ಕತ್ತಿವರಸೆಗೆ ಸಿಂಬಲ್ ತುಂಬಿದರೆ ಕೊನೆಯ ಮಿಕ್ಸಿಂಗಿನಲ್ಲಿ ಮೊದಲು ಹೋಗುವುದು ಸಂಗೀತ, ಯಾಕೆಂದರೆ ಮಾತನ್ನಾಗಲಿ ಕತ್ತಿಯನ್ನಾಗಲಿ ಯಾರೂ ಇಳಿಸುವುದಿಲ್ಲ. ಅಲೆಯ ಸದ್ದು, ಮಳೆಯ ಸದ್ದು ಇನ್ನೂ ಕಷ್ಟ, ಕೆಳಗಿನಿಂದ ಮೇಲಿನವರೆಗೆ ಇಡೀ ಹರವನ್ನು ತುಂಬುತ್ತವೆ. ಮೆದುವಾಗಿ ಎಳೆದ ವಯೊಲಿನ್ ಅದರಲ್ಲಿ ಉಪ್ಪಿನಂತೆ ಕರಗುತ್ತದೆ. ಉಳಿಯುವುದು ಮೊನೆಯಿರುವ ಧ್ವನಿ: ಪುಟಿಯುವ ಬಿಲ್ಲು, ಹಾರ್ನ್‌ಗಳೆಲ್ಲ ಒಂದೇ ಸ್ವರದಲ್ಲಿ ನುಡಿಸುವ ಟ್ಯೂನ್, ಡೋಲು. ಝಿಮರ್ ಶೈಲಿ ಕೆಳಕ್ಕೆ ಇಳಿದದ್ದು ರುಚಿಯಿಂದ ಮಾತ್ರ ಅಲ್ಲ, ಇಂದಿನ ಚಿತ್ರಮಂದಿರದ ಗದ್ದಲದಲ್ಲಿ ಖಾಲಿ ಉಳಿದ ಜಾಗ ಅದು. ಕೋರ್ನ್‌ಗೋಲ್ಡ್ ಕಾಲದಲ್ಲಿ ಒಂದೇ ಸ್ಪೀಕರಿನ ಮೋನೋ ಧ್ವನಿ. ಅದರಲ್ಲಿ 40 ಹರ್ಟ್ಸ್ ಬರೆದಿದ್ದರೆ ಯಾರಿಗೂ ಕೇಳುತ್ತಿರಲಿಲ್ಲ.

ಇದೆಲ್ಲ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬೇಕೆಂದರೆ ಉರುಳುವ ಗಿರಣಿ ಚಕ್ರದ ದೃಶ್ಯ ನೋಡಿ. ಜ್ಯಾಕ್, ವಿಲ್, ನಾರಿಂಗ್ಟನ್ ಮೂವರೂ ಮೂವರ ಮೇಲೂ ಕತ್ತಿ ಬೀಸುವ ಹೊಡೆದಾಟ, ಆಲ್ಬಂನಲ್ಲಿ ‘ವೀಲ್ ಆಫ್ ಫಾರ್ಚ್ಯೂನ್’. ಪೆಟ್ಟಿಗೆಯಲ್ಲಿಟ್ಟಿದ್ದ ಹಬ್ಬದ ಒಡವೆ ಇಲ್ಲಿ ಹೊರಗೆ ಬರುತ್ತದೆ. ಹಳೇ ಟ್ಯೂನ್ ಒಮ್ಮೆ ತುಂಡಾಗಿ, ಒಮ್ಮೆ ಪೂರ್ತಿಯಾಗಿ, ಮಧ್ಯೆ ಜ್ಯಾಕ್‌ನ ಹೊಸ ಟ್ಯೂನಿಗೆ ದಾರಿ ಬಿಟ್ಟು. ಇಷ್ಟು ಹೊತ್ತು ಕಾಯಿಸಿದ್ದಕ್ಕೇ ಅದು ಬಂದಾಗ ಮೈ ಜುಮ್ಮೆನ್ನುತ್ತದೆ. ಅಂದಹಾಗೆ ಆಲ್ಬಂನಲ್ಲಿ ಆ ಟ್ಯೂನ್ ತನ್ನದೇ ಹೆಸರಿನಲ್ಲಿ ಸಿಗುವುದು ಕೊನೆಯಲ್ಲಿ, ಅದೂ ಡಿಸ್ಕೋ ಕುಣಿತಕ್ಕೆ ಒಗ್ಗಿಸಿದ ರೀಮಿಕ್ಸ್ ಆಗಿ. ಅದನ್ನು ಕೇಳದಿದ್ದರೆ ನಷ್ಟವಿಲ್ಲ.

ಇಂಥ ದೃಶ್ಯಕ್ಕೆ ತಾಳ ಕೂಡಿಸುವ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡೋಣ, ಅಂಕಿಗಳು ನನ್ನವು, ವಿಧಾನ ಎಲ್ಲರದ್ದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಿಮಿಷಕ್ಕೆ 1440. ನಿಮಿಷಕ್ಕೆ 144 ಬೀಟ್ ಇಟ್ಟರೆ ಒಂದು ಬೀಟಿಗೆ ಸರಿಯಾಗಿ 10 ಫ್ರೇಮ್. ಚಕ್ರ ಕಳಚಿ ಉರುಳುವುದು ಸಂಗೀತ ಶುರುವಾದ 165ನೇ ಫ್ರೇಮಿಗೆ ಎಂದುಕೊಳ್ಳಿ. ನಿಮ್ಮ ಬೀಟ್ ಬೀಳುವುದು 160ಕ್ಕೆ, ಆಮೇಲೆ 170ಕ್ಕೆ. ಚಕ್ರ ಎರಡರ ನಡುವೆ ಬಿತ್ತು. 165ನ್ನು 16ರಿಂದ ಭಾಗಿಸಿ: 10.3 ಫ್ರೇಮ್, ಅಂದರೆ ನಿಮಿಷಕ್ಕೆ 139.6 ಬೀಟ್. ಶೇಕಡ ಮೂರರಷ್ಟು ನಿಧಾನ, ಯಾರಿಗೂ ತಿಳಿಯುವುದಿಲ್ಲ, 16 ಬೀಟ್ ಮುಗಿದು ಐದನೇ ಆವರ್ತದ ಸಮಕ್ಕೇ ಚಕ್ರ ಕಳಚುತ್ತದೆ. ಒಂದೆರಡು ಫ್ರೇಮ್ ಹೆಚ್ಚುಕಡಿಮೆಯಾದರೆ ಕಣ್ಣು ಕ್ಷಮಿಸುತ್ತದೆ, ಆದರೆ ಒಂದು ಶರತ್ತು: ಸಂಗೀತ ತಡವಾದರೆ ಮಾತ್ರ. ಮೊದಲೇ ಬಂದರೆ ನಕಲಿ ಎನ್ನಿಸುತ್ತದೆ, ಹೊರಗಿನ ಲೋಕದಲ್ಲಿ ಸದ್ದು ಕಣ್ಣಿಗಿಂತ ಮೊದಲು ಬರುವುದಿಲ್ಲವಲ್ಲ. ಮತ್ತೆ, ಪ್ರತಿ ಏಟಿಗೂ ಘಾತ ಕೂಡಿಸಲು ಹೋಗಬೇಡಿ. ನಾಲ್ಕರಲ್ಲಿ ಒಂದಕ್ಕೆ ಸಾಕು. ಎಲ್ಲಕ್ಕೂ ಕೂಡಿಸಿದರೆ ಬೆಕ್ಕು ಇಲಿಯ ಕಾರ್ಟೂನ್ ಆಗುತ್ತದೆ. ಎಡಿಟರ್ ನಾಳೆ ಬೆಳಿಗ್ಗೆ ಎಂಟು ಫ್ರೇಮ್ ಕತ್ತರಿಸಿದರೆ ಇದೆಲ್ಲ ಮತ್ತೆ ಮೊದಲಿಂದ.

ದಾಖಲಿಸುವಾಗ ತಂತಿ ವಾದ್ಯಗಳನ್ನು ಒಂದು ಸಲ, ಹಿತ್ತಾಳೆ ವಾದ್ಯಗಳನ್ನು ಇನ್ನೊಂದು ಸಲ ನುಡಿಸಿಕೊಳ್ಳುವ ಪದ್ಧತಿ ಇದೆ. ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿದರೆ ಟ್ರೊಂಬೋನಿನ ಸದ್ದು ವಯೊಲಿನ್ ಮೈಕಿಗೂ ನುಗ್ಗುತ್ತದೆ, ಆಮೇಲೆ ಮಾತಿಗೆ ಜಾಗ ಬೇಕಾದಾಗ ಒಂದನ್ನು ಮಾತ್ರ ಇಳಿಸಲು ಆಗುವುದಿಲ್ಲ. ಬೇರೆ ಬೇರೆ ಮಾಡಿದರೆ ಆ ಸ್ವಾತಂತ್ರ್ಯ ಸಿಗುತ್ತದೆ, ಬದಲಿಗೆ ಹೋಗುವುದು ಪರಸ್ಪರ ಕಿವಿಗೊಡುವ ಗುಣ: ಹಾರ್ನ್ ಉಬ್ಬಿದಾಗ ತಂತಿಯೂ ಉಬ್ಬುವುದು. ಹಿತ್ತಾಳೆಯವರ ತುಟಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಥ ಸಂಗೀತದಲ್ಲಿ ಅವರಿಗೆ ಬಿಡುವಿಲ್ಲ, ಎತ್ತರದ ಸ್ವರ ಜೋರಾಗಿ ಊದಿ ಊದಿ ತುಟಿ ಸೋತರೆ ವಿಶ್ರಾಂತಿ ಬಿಟ್ಟು ಬೇರೆ ಔಷಧಿಯಿಲ್ಲ. ಕಷ್ಟದ ತುಣುಕು ದಿನದ ಮೊದಲನೆಯದೂ ಆಗಬಾರದು, ಕೊನೆಯದೂ ಆಗಬಾರದು. ಮೊದಲ ವಿರಾಮಕ್ಕೆ ಮುಂಚೆ ಮೈ ಬೆಚ್ಚಗಾದ ಹೊತ್ತು ಸರಿ.

ಆರ್ಕೆಸ್ಟ್ರಾ ಸಾಕಷ್ಟಾಯಿತು, ಕಡಲ್ಗಳ್ಳರು ಸೇರುವ ಟಾರ್ಟುಗಾ ಊರಿನ ಹೆಂಡದಂಗಡಿಗೂ ಒಮ್ಮೆ ಇಣುಕಿ ಬರೋಣ. ಅಲ್ಲಿ ಕೇಳುವುದು ಹಾರ್ನ್‌ಪೈಪ್, ಹಡಗಿನವರ ಕುಣಿತದ ಧಾಟಿ. ‘ಫಿಶರ್ಸ್ ಹಾರ್ನ್‌ಪೈಪ್’ 18ನೇ ಶತಮಾನದ ನಿಜವಾದ ಜನಪ್ರಿಯ ಧಾಟಿ. ಇಡೀ ಚಿತ್ರ ತಿಶ್ರದಲ್ಲಿ ಓಲಾಡುವಾಗ ಇದೊಂದು ಸಮದ ನಡೆಯಲ್ಲಿ ಕುಣಿಯುತ್ತದೆ, ಪಿಟೀಲು ಹಿಡಿದ ನಾಲ್ಕು ಜನ ಮೂಲೆಯಲ್ಲಿ ನಿಂತು ನುಡಿಸುತ್ತಿದ್ದಾರೆ ಎನ್ನುವ ಹಾಗೆ. ಕಡಲ್ಗಳ್ಳರೆಂದರೆ ಹಗ್ಗ ಎಳೆಯುವ ಶ್ಯಾಂಟಿ ಹಾಡು ಎಂಬ ಕಲ್ಪನೆ ಇದೆ, ನಮಗೆ ಗೊತ್ತಿರುವ ಶ್ಯಾಂಟಿಗಳು ಬಹುತೇಕ 19ನೇ ಶತಮಾನದವು, ಅಷ್ಟು ಹೊತ್ತಿಗೆ ಕೆರಿಬಿಯನ್ ಕಡಲ್ಗಳ್ಳರ ಕಾಲ ಮುಗಿದು ನೂರು ವರ್ಷ ಆಗಿತ್ತು. ‘ಯೋ ಹೋ’ ಎಂಬ ಹಾಡಂತೂ 1967ರಲ್ಲಿ ಡಿಸ್ನಿಲ್ಯಾಂಡಿನ ದೋಣಿ ಸವಾರಿಗಾಗಿ ಜಾರ್ಜ್ ಬ್ರನ್ಸ್ ಸಂಗೀತ ಹಾಕಿದ್ದು.

ಚಿತ್ರದ ಕೊನೆಯ ಭಾಗದ ಸಂಗೀತ ‘ಹಲೋ ಬೀಸ್ಟಿ’ ಹತ್ತು ನಿಮಿಷಕ್ಕೂ ಹೆಚ್ಚಿದೆ. ಜ್ಯಾಕ್ ಒಬ್ಬನೇ ಹಡಗಿನಲ್ಲಿ ಉಳಿದು ಪ್ರಾಣಿಯ ಎದುರು ನಿಲ್ಲುತ್ತಾನೆ. ಗೆಲುವಿನ ಟ್ಯೂನ್ ಬಾರಿಸಿ ಜನರನ್ನು ಮನೆಗೆ ಕಳಿಸುವ ಆಸೆ ಇಲ್ಲಿ ಯಾರಿಗಾದರೂ ಬರುತ್ತದೆ. ಆದರೆ ಕಥೆ ಅರ್ಧಕ್ಕೆ ನಿಂತಿದೆ, ನಾಯಕ ನುಂಗಲ್ಪಟ್ಟಿದ್ದಾನೆ. ದೊಡ್ಡ ಗದ್ದಲದ ನಂತರ ಸಂಗೀತ ಶೋಕದ ಕಡೆಗೆ ಇಳಿಯುತ್ತದೆ, ನಿಧಾನದ ತಂತಿಗಳು, ಬೀಟ್ ಇಲ್ಲದ ಜಾಗಗಳು. ಎರಡೂವರೆ ಗಂಟೆ ಕ್ಲಿಕ್ಕಿನ ಮೇಲೆ ಓಡಿದ ಆರ್ಕೆಸ್ಟ್ರಾವನ್ನು ಇಲ್ಲಿ ಕ್ಲಿಕ್ಕಿನಿಂದ ಬಿಡಿಸಿದರೆ ಆ ಇಳಿತ ಇನ್ನೂ ಚೆನ್ನ.

ಸಭೆಯಿಂದ ಒಂದು ಪ್ರಶ್ನೆ ಬಂತು: ಪರದೆಯಲ್ಲಿ ಚಿತ್ರ ಓಡಿಸಿ ಎದುರಿಗೆ ಆರ್ಕೆಸ್ಟ್ರಾ ನುಡಿಸುವ ಕಾರ್ಯಕ್ರಮಗಳಲ್ಲಿ ಇದನ್ನೆಲ್ಲ ಹೇಗೆ ನಿಭಾಯಿಸುತ್ತಾರೆ? ಆರ್ಕೆಸ್ಟ್ರಾ ನಡೆಸುವ ನಿರ್ವಾಹಕನ ಮುಂದೆ ಒಂದು ಪುಟ್ಟ ಪರದೆ ಇರುತ್ತದೆ, ಅದರಲ್ಲಿ ಚಿತ್ರದ ಮೇಲೆ ಎಡದಿಂದ ಬಲಕ್ಕೆ ಬಣ್ಣದ ಗೆರೆ ಸರಿಯುತ್ತದೆ, ಅಂಚು ಮುಟ್ಟಿದಾಗ ಒಂದು ಬಿಳಿ ಚುಕ್ಕೆ ಮಿನುಗುತ್ತದೆ, ಅದೇ ಸಮ. ವೇಗದ ಭಾಗಗಳಿಗೆ ಕಿವಿಯಲ್ಲಿ ಕ್ಲಿಕ್ ಬೇಕೇ ಬೇಕು. ಆರ್ಗನ್ ಇಲ್ಲದ ಸಭಾಂಗಣದಲ್ಲಿ ಕೀಬೋರ್ಡಿನಿಂದ ಸ್ಯಾಂಪಲ್ ನುಡಿಸುತ್ತಾರೆ, ಅದಕ್ಕೆ ಬೇರೆಯಾಗಿ ಸಬ್‌ವೂಫರ್ ಇಡದಿದ್ದರೆ ಡೇವಿ ಜೋನ್ಸ್ ಹಾರ್ಮೋನಿಯಂ ಮೇಷ್ಟ್ರಾಗಿಬಿಡುತ್ತಾನೆ. ಲಾಕೆಟ್ಟಿನ ಭಾಗ ಸೆಲೆಸ್ಟಾಕ್ಕೆ ಹೋಗುತ್ತದೆ. ಅದಕ್ಕೊಂದು ಮೈಕನ್ನು ಹತ್ತಿರದಲ್ಲೇ, ಹಿಂಬದಿಗೆ ಇಡಬೇಕು. ಮುಂದೆ ಇಟ್ಟರೆ ಸ್ವರಕ್ಕಿಂತ ಮೊದಲು ಮಣೆಯ ಟಕಟಕ ಕೇಳುತ್ತದೆ.